ಮೋಡ ಕಾಯುವ ಹುಡುಗಿಯ ಹೆಸರು

ಬಿಬವೇವಾಡಿ, ಪುಣೆ
8 ಆಗಸ್ಟ್ 2007

ಸಿಟ್ಟಿನ ತಂಗಿ ಕುಸುಮಾಗೆ, ಅದಕ್ಕಿಂತ ಹೆಚ್ಚು ಸಿಟ್ಟಿನಲ್ಲಿರುವ ಅಕ್ಕನ ಆಶೀರ್ವಾದ.

ನಾಲ್ಕು ವರ್ಷದ ಮೇಲೆ ಅಕ್ಕ ಪತ್ರ ಬರೆದಳೆಂದು ಹಿಗ್ಗಬೇಡ. ಜಗಳ ತೆಗೆಯಲೆಂದೇ ಬರೆಯುತ್ತಿದ್ದೇನೆ. ನೀನು ಹಿಂದೆ ಕೊಟ್ಟಿದ್ದ, ಓರಿನಾಳ ಕಥೆಯ ಆ ಐದು ಪುಸ್ತಕಗಳನ್ನು ಓದಿ ಮುಗಿಸಿದೆ. ಸಂತೆಯ ಕೆಸರಿನಲ್ಲಿ ಜಾರಿ ಕಾಲು ಮುರಿದುಕೊಂಡು ಆರು ವಾರ ಮಲಗಿದ್ದೆ. ನಿನ್ನ ಭಾವ ಅವನ್ನು ಅಟ್ಟದಿಂದ ಇಳಿಸಿ ಮಗ್ಗುಲಿಗಿಟ್ಟು, ಓದು, ಹೊತ್ತು ಹೋಗತದ ಅಂದರು. ಹೊತ್ತೇನೋ ಹೋಯಿತು, ಜೊತೆಗೆ ತಲೆಯೂ ಕೆಟ್ಟಿತು.

ಆ ಕಥೆಯ ಮೂರೂ ಸಿನಿಮಾಗಳನ್ನು ನಾವಿಬ್ಬರೂ ಹಿಂದಿಯಲ್ಲಿ ಎಷ್ಟು ಸಲ ನೋಡಿಲ್ಲ! ಪರದೆ ಬೆಳಗುತ್ತಲೇ ಓರಿನಾ ಗುಡ್ಡದ ಮೇಲೆ ಕೋಲು ಹಿಡಿದು ಮೋಡ ಮೇಯಿಸುತ್ತಿರುತ್ತಾಳೆ. ಪುಸ್ತಕದಲ್ಲಿ ಎಂಬತ್ತು ಪುಟ ಕಳೆದರೂ ಒಂದು ಮೋಡವಿಲ್ಲ. ಅಂಬಲಿ ಕುದಿಯುವುದಕ್ಕೇ ನಾಲ್ಕು ಪುಟ, ಅದೂ ಆ ದಪ್ಪ ಮರಾಠಿ ಅನುವಾದದಲ್ಲಿ. ನಿನ್ನ ಭಾವ ದಿನಾ ಆಫೀಸಿನಿಂದ ಬಂದವರೇ, ಮೋಡ ಬಂದುವೇನ ಅಂತ ಕೇಳಿ ನಗುತ್ತಿದ್ದರು. ಇನ್ನು ಆ ಒಕ್ಕಣ್ಣಿನ ಕಾವಲುಗಾರ! ಸಿನಿಮಾದಲ್ಲಿ ಅವನು ಸತ್ತಾಗ ಅತ್ತು ಅತ್ತು ನನ್ನ ಸೆರಗು ತೊಯ್ದಿತ್ತು. ಪುಸ್ತಕದಲ್ಲಿ ಅವನು ಎರಡನೇ ಭಾಗದಲ್ಲೇ ಹೆದರಿ ಓಡಿಹೋಗುತ್ತಾನೆ. ನನ್ನ ಕಣ್ಣೀರಿಗೆ ಬೆಲೆಯೇ ಇಲ್ಲವೇ?

ಅದನ್ನೂ ನುಂಗಿಕೊಂಡೆ. ಆದರೆ ಓರಿನಾ ಎಂಬುದು ಅವಳಿಗೆ ಹುಟ್ಟಿನಿಂದ ಬಂದ ಹೆಸರಲ್ಲ ಅಂತ ನನಗೆ ಯಾಕೆ ಹೇಳಲಿಲ್ಲ? ಅವಳ ದೊಡ್ಡಮ್ಮ ಸತ್ತ ಅಜ್ಜಿಯ ಆ ಹೆಸರನ್ನು ಅವಳಿಗೆ ಬಲವಂತವಾಗಿ ಇಡುತ್ತಾಳೆ. ಎರಡು ಭಾಗ ಪೂರ್ತಿ ಆ ಹುಡುಗಿ ಯಾರು ಕರೆದರೂ ಓಗೊಡುವುದಿಲ್ಲ. ಸಿನಿಮಾದವರು ಇದನ್ನೆಲ್ಲ ಕತ್ತರಿಸಿ ಎಸೆದಿದ್ದಾರೆ.

ಹೇಳಲಿಲ್ಲ ಅನ್ನುವುದೂ ತಪ್ಪೇ. ಹೆರಿಗೆಗೆ ಮುಂಚೆ ನೀನು, ಅಕ್ಕಾ, ಮೊದಲ ಓದು, ಆಮ್ಯಾಲೆ ಮಾತಾಡೂಣು ಅಂದಿದ್ದೆ. ಸಿನಿಮಾ ನೋಡೇನಿ, ಇನ್ನೇನ ಓದೂದು ಅಂದವಳು ನಾನೇ.

ಆಮೇಲೆ ಚಿಂಚವಾಡದ ನಿಮ್ಮ ಮನೆಯಲ್ಲಿ ತೊಟ್ಟಿಲ ಕಾರ್ಯ. ಮಗಳಿಗೆ ಓರಿನಾ ಅಂತಿಡುತ್ತೇನೆಂದು ನೀನು ಎಲ್ಲರಿಗೂ ಹೇಳಿದ್ದೆ. ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನಿನ್ನ ನಾದಿನಿ ಭಾಮಾಳದು. ಅವಳು ಬಾಗುವುದರೊಳಗೆ ನಾನು ನುಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಅವ್ವನ ಹೆಸರು ಹೇಳಿ, ಬಸವಣ್ಣೆವ್ವ ಅಂತ ಜೋರಾಗಿ ಕೂಗಿಯೂಬಿಟ್ಟೆ. ಕಿವಿಗೆ ಬಿದ್ದ ಮೊದಲ ಹೆಸರು, ಅದೂ ತೀರಿಕೊಂಡ ಅವ್ವನದು. ಅದನ್ನು ತೆಗೆಯುವ ಧೈರ್ಯ ಯಾರಿಗಿತ್ತು? ರೂಢಿಯಂತೆ ಹೆಂಗಸರು ನಗುತ್ತ ನನ್ನ ಬೆನ್ನಿಗೆ ಗುದ್ದಿದರು. ನಿನ್ನ ಗುದ್ದು ಮಾತ್ರ ಆಟದ್ದಾಗಿರಲಿಲ್ಲ. ಆ ದಿನದಿಂದ ನಿನ್ನ ಮಾತು ನಿಂತಿತು.

ಸಿನಿಮಾದ ಕೊನೆಯಲ್ಲಿ ಓರಿನಾ ತಾನೇ ಮನೆಗೆ ಬಂದು ದೊಡ್ಡಮ್ಮನ ಕಾಲಿಗೆ ಬೀಳುತ್ತಾಳಲ್ಲ, ಅದನ್ನೇ ನಂಬಿ ಕೂತಿದ್ದೆ. ಪ್ರತಿ ನಾಗರಪಂಚಮಿಗೂ ಎಳ್ಳಿನ ಉಂಡಿ ಕಟ್ಟಿ, ಈ ಸಲ ಮಗಳನ್ನು ಕರೆದುಕೊಂಡು ಬಂದೇ ಬರುತ್ತೀ ಅಂತ ಬಾಗಿಲು ನೋಡುತ್ತಿದ್ದೆ. ಮೊನ್ನೆ ಐದನೇ ಪುಸ್ತಕದ ಕೊನೆಗೆ ಬಂದರೆ, ಹುಡುಗಿ ಬರುವುದೇ ಇಲ್ಲ! ಆ ಮುದುಕಿ ದೊಡ್ಡಮ್ಮನೇ ಏದುಸಿರು ಬಿಡುತ್ತ ಗುಡ್ಡ ಹತ್ತಿ ಹೋಗಿ, ನಿನ್ನನ್ನು ಏನಂತ ಕರೆಯಲಿ ಎಂದು ಕೇಳುತ್ತಾಳೆ.

ಪುಸ್ತಕವನ್ನು ಗೋಡೆಗೆ ಎಸೆದೆ. ಕ್ಯಾಲೆಂಡರ್ ಹರಿಯಿತು. ಆಮೇಲೆ ಊರುಗೋಲಿನಿಂದ ಪುಸ್ತಕ ಎಳೆದುಕೊಂಡು ಆ ಪುಟವನ್ನು ಮತ್ತೆ ಓದಿದೆ. ನಾಲ್ಕು ವರ್ಷ ಹಾಳು ಮಾಡಿದೆ ಕುಸುಮಾ, ಮಾಡಿದ್ದು ನಾನೇ.

ಇನ್ನೂ ಕುಂಟುತ್ತಿರುವ ನಿನ್ನ ಅಕ್ಕ,
ಶೈಲಾ

ತಾ.ಕ.: ಅವ್ವನ ಹೆಸರು ಉಳಿಯಲಿ ಅಂತ ಹಾಗೆ ಮಾಡಿದೆ ಎಂದು ಎಲ್ಲರ ಮುಂದೆ ಹೇಳಿಕೊಂಡು ಬಂದೆ. ಅದು ಸುಳ್ಳು. ಮೊದಲ ಸಿನಿಮಾ ನೋಡಿ ಬಂದ ದಿನವೇ ಓರಿನಾ ಎಂಬ ಹೆಸರನ್ನು ನನ್ನ ಮಗಳಿಗೆಂದು ಎತ್ತಿಟ್ಟಿದ್ದೆ. ಮಗ ಸ್ವಪ್ನಿಲ್ ಆದಮೇಲೆ ಎರಡು ಸಲ ಕೂಸು ಹೊಟ್ಟೆಯಲ್ಲೇ ಹೋದದ್ದು ನಿನಗೆ ಗೊತ್ತು. ಈ ಹೆಸರಿನ ವಿಷಯ ನಿನ್ನ ಭಾವನಿಗೂ ಗೊತ್ತಿಲ್ಲ. ಅದನ್ನು ನಿನ್ನ ಬಾಯಲ್ಲಿ ಕೇಳಿ ನನಗೆ ತಡೆದುಕೊಳ್ಳಲಾಗಲಿಲ್ಲ. ಪಂಚಮಿಯ ಮರುದಿನ, ರವಿವಾರ, ಉಂಡಿ ತೆಗೆದುಕೊಂಡು ಲೋಕಲ್ ರೈಲಿನಲ್ಲಿ ಬರುತ್ತೇನೆ. ಬಾಗಿಲು ತೆಗೆಯಲು ಮಗಳನ್ನೇ ಕಳಿಸು. ಏನಂತ ಕರೆಯಲಿ ಅಂತ ಅವಳನ್ನೇ ಕೇಳಬೇಕು.