ಪುಟ್ಟಮಾದಮ್ಮನ ಹೆಸರಿನ ಮುಂದೆ ನಾನು ಬರೆದ ‘ಉಂಟು’

ತಂಬಾಕು ವರ್ಜನ ಪ್ರಚಾರಾಧಿಕಾರಿಗಳಿಗೆ

ಹೊನ್ನೂರು, ಯಳಂದೂರು ತಾಲ್ಲೂಕು
೮ ಆಗಸ್ಟ್ ೧೯೫೪

ಸೂಲಗಿತ್ತಿಯರ ಪಟ್ಟಿಯಿಂದ ಪುಟ್ಟಮಾದಮ್ಮನ ಹೆಸರನ್ನು ಹೊಡೆದುಹಾಕಿದ ಮಾನ್ಯರೇ,

ಹೊಡೆದ ಗೆರೆ ನಿಮ್ಮದು, ಅದಕ್ಕೆ ಕಾರಣವಾದ ಪದ ನನ್ನದು. ಆದ್ದರಿಂದ ಈ ಪತ್ರದಲ್ಲಿ ಬೈಗುಳವೇನಾದರೂ ಕಂಡರೆ, ಅದರ ಅರ್ಧವನ್ನು ನಾನು ಇಟ್ಟುಕೊಂಡು ಉಳಿದದ್ದನ್ನು ಮಾತ್ರ ನಿಮಗೆ ಕಳಿಸುತ್ತಿದ್ದೇನೆಂದು ತಿಳಿಯಬೇಕು. ಮೊದಲು ಎರಡು ಪತ್ರಗಳನ್ನು ಖಾಸಗಿಯಾಗಿಯೇ ಬರೆದೆ. ಎರಡಕ್ಕೂ ‘ವಿಷಯ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಪಟ್ಟಿ ಇದೇ ಇಪ್ಪತ್ತೈದಕ್ಕೆ ಮೈಸೂರಿಗೆ ಹೋಗುತ್ತದೆ. ಪರಿಶೀಲನೆ ಅದಕ್ಕೆ ಮುಂಚೆ ಮುಗಿಯುವಂತೆ ಕಾಣಲಿಲ್ಲ. ಆದ್ದರಿಂದ ಈ ಮೂರನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ವಿಷಯ ತಿಳಿಯದ ಓದುಗರಿಗಾಗಿ ಹೇಳುತ್ತೇನೆ. ಹಳ್ಳಿಯ ಸೂಲಗಿತ್ತಿಯರಿಗೆ ಮೈಸೂರಿನಲ್ಲಿ ಆರು ತಿಂಗಳ ತರಬೇತಿ ಕೊಡುತ್ತಾರಂತೆ. ತರಬೇತಿಯ ಪತ್ರವಿಲ್ಲದವರು ಬರುವ ವರ್ಷದಿಂದ ಹೆರಿಗೆ ಮಾಡಿಸಕೂಡದಂತೆ. ಆಯ್ಕೆ ಸಮಿತಿಗೆ ಅಧ್ಯಕ್ಷರು ನೀವು. ಓದಿದ ಹೆಂಗಸೊಬ್ಬಳು ಇರಬೇಕೆಂಬ ನಿಯಮವಿದ್ದುದರಿಂದ ಸದಸ್ಯೆ ನಾನು. ನಮ್ಮ ಸುತ್ತಿನ ಹಳ್ಳಿಗಳಿಂದ ಎಂಟು ಹೆಸರುಗಳು ಬಂದವು. ಅರ್ಜಿಯ ಕೊನೆಯ ಕಾಲಂ ‘ಹೊಗೆಸೊಪ್ಪಿನ ಸೇವನೆ ಉಂಟೋ, ಇಲ್ಲವೋ’. ಹದಿನೈದು ವರ್ಷಗಳಿಂದ ಈ ಊರಿನ ಮಕ್ಕಳನ್ನು ಮೊದಲು ಕೈಗೆತ್ತಿಕೊಂಡ ಪುಟ್ಟಮಾದಮ್ಮನ ಹೆಸರಿನ ಮುಂದೆ ನಾನು, ಮುತ್ತಿನಂಥ ಅಕ್ಷರಗಳಲ್ಲಿ, ‘ಉಂಟು’ ಎಂದು ಬರೆದೆ. ಉಳಿದ ಏಳು ಮಂದಿಯ ಮುಂದೆ ‘ಇಲ್ಲ’. ಆ ಏಳು ಮಂದಿಯ ಹಲ್ಲಿನ ಬಣ್ಣದ ಬಗ್ಗೆ ನಾನಿಲ್ಲಿ ಮಾತಾಡುವುದಿಲ್ಲ. ಇನ್ನೊಂದು ಹೆಸರು ಹೊಡೆಸಲು ಈ ಪತ್ರ ಬರೆಯುತ್ತಿಲ್ಲ.

ನಿಮ್ಮ ಭಾಷಣ ನಿಮಗೆ ನೆನಪಿದೆಯೋ ಇಲ್ಲವೋ. ಎಷ್ಟು ಊರಿನಲ್ಲಿ ಅದನ್ನೇ ಮಾಡುತ್ತೀರಿ! ನಮ್ಮ ಶಾಲೆಯ ಜಗಲಿಯ ಮೇಲೆ ನಲವತ್ತು ಹೆಂಗಸರು ಕೂತಿದ್ದರು. ನೀವು ಗೋಡೆಗೆ ಒಂದು ಚಿತ್ರಪಟ ತೂಗುಹಾಕಿ, ಬೆತ್ತದಿಂದ ತೋರಿಸುತ್ತ, ಗ್ರಾಮೀಣರ ಈ ಚಟಕ್ಕೆ ಅಜ್ಞಾನವೇ ಕಾರಣ ಎಂದಿರಿ. ಆಮೇಲೆ, ಹೊಗೆಸೊಪ್ಪು ಹಾಕುವವರು ಕೈ ಎತ್ತಿ ಎಂದಿರಿ. ಯಾರೂ ಎತ್ತಲಿಲ್ಲ. ಕೊನೆಗೆ ಹಿಂದಿನ ಸಾಲಿನಲ್ಲಿ ಪುಟ್ಟಮಾದಮ್ಮನ ಕೈ ಮೇಲೆದ್ದಿತು. ಪಕ್ಕದಲ್ಲಿದ್ದ ಚೆಲುವಮ್ಮ ಅದನ್ನು ಹಿಡಿದೆಳೆದಳು.

“ಲೇ, ಇಳ್ಸೇ ಕೈಯ. ದಂಡ ಗಿಂಡ ಆಕ್ಬುಟ್ಟಾರು!”

“ಕೇಳಿದ್ರೆ ಯೋಳ್ಬೇಕಲ್ಲವ್ವಾ. ಅಲ್ಲು ನೋಡಿದ್ರೆ ಗೊತ್ತಾಗಕಿಲ್ವಾ?”

ಎಷ್ಟು ವರ್ಷದಿಂದ ಹಾಕುತ್ತೀಯಮ್ಮ ಎಂದು ನೀವು ಕೇಳಿದಿರಿ. ಪುಟ್ಟಮಾದಮ್ಮ ನನ್ನ ಕಡೆ ನೋಡಿ, ಯಾವ ಕಹಿಯೂ ಇಲ್ಲದೆ ಹೇಳಿದಳು: “ಅಮ್ಮಾರ ಗದ್ದೆಗೆ ನಾಟಿಗೆ ಓದ ವರ್ಸದಿಂದ ಸಾ.”

ಎಲ್ಲರೂ ನಕ್ಕರು. ನೀವೂ ನಕ್ಕು, “ನೋಡಿದಿರಾ, ಅಜ್ಞಾನ ಎಷ್ಟು ಮುಗ್ಧವಾಗಿರುತ್ತದೆ!” ಎಂದು ನನಗೆ ಹೇಳಿದಿರಿ. ನಾನೂ ನಕ್ಕೆ. ಆ ನಗುವಿನ ನೆನಪಾದಾಗಲೆಲ್ಲ ನನಗೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಏಕೆಂದರೆ ಆಕೆ ಹೇಳಿದ್ದು ತಮಾಷೆಯಾಗಿರಲಿಲ್ಲ, ಅಜ್ಞಾನವಂತೂ ಅಲ್ಲವೇ ಅಲ್ಲ. ನಿಮ್ಮ ಪ್ರಶ್ನೆಗೆ ಆ ದಿನ ಸಿಕ್ಕ ಸರಿಯಾದ ಉತ್ತರ ಅದೊಂದೇ.

ನಾಟಿಯ ಗದ್ದೆಯನ್ನು ನೀವು ಜೀಪಿನಿಂದ ನೋಡಿರಬಹುದು. ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬೆಳಗಿನಿಂದ ಬಗ್ಗಿದವರು ಬಗ್ಗಿದಂತೆಯೇ ಹಿಂದೆ ಹಿಂದೆ ಸರಿಯುತ್ತಾರೆ. ನಡುವೆ ಒಬ್ಬಳು ಸೊಂಟ ನೆಟ್ಟಗೆ ಮಾಡಿ ನಿಂತರೆ ಬದುವಿನ ಮೇಲಿನಿಂದ ಕೂಗು ಬರುತ್ತದೆ: “ಯಾಕಮ್ಮಿ ನಿಂತ್ಕಂಡೆ?” ದಣಿವಾಯಿತು ಎಂಬ ಉತ್ತರ ಇಲ್ಲಿ ನಡೆಯದು. ನಡೆಯುವ ಉತ್ತರ ಒಂದೇ: “ಎಲೆ ಆಕತೀನಿ.” ಎಲೆ ಹಾಕಿಕೊಳ್ಳುವವಳನ್ನು ಏಳಿಸುವಷ್ಟು ಕೆಟ್ಟವರು ನಮ್ಮಲ್ಲಿ ಯಾರೂ ಇಲ್ಲ. ಹಾಗೆಂದು ಸುಮ್ಮನೆ ಕೂತವಳನ್ನು ಕೂರಲು ಬಿಡುವಷ್ಟು ಒಳ್ಳೆಯವರೂ ಇಲ್ಲ. ಎಲೆಯೊಳಗೆ ಹೊಗೆಸೊಪ್ಪು ಇಟ್ಟೇ ಕೊಡುವುದು ನಮ್ಮ ಮನೆಯ ಪದ್ಧತಿ. ಹಸಿವು ಅಡಗುತ್ತದೆ, ಊಟದ ಹೊತ್ತನ್ನು ಕೊಂಚ ಮುಂದಕ್ಕೆ ತಳ್ಳಬಹುದು. ಗಂಡಾಳುಗಳಿಗಾದರೆ ಬೀಡಿ. ಲೆಕ್ಕ ಒಂದೇ.

ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಊರಿಗೆ ಬಂದ ವರ್ಷ ಅಮ್ಮ ಹಾಸಿಗೆ ಹಿಡಿದಿದ್ದರು. ನಾಟಿಯವರಿಗೆ ಎಲೆ ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಬದುವಿನ ಹೊಂಗೆಮರದ ಕೆಳಗೆ ತೊಡೆಯ ಮೇಲೊಂದು ಕಾವ್ಯ, ಪಕ್ಕದಲ್ಲಿ ಎಲೆಯ ತಟ್ಟೆ ಇಟ್ಟುಕೊಂಡು ಕೂತಿದ್ದೆ. ಹೊಸದಾಗಿ ಮದುವೆಯಾಗಿ ಬಂದಿದ್ದ, ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಪುಟ್ಟಮಾದಮ್ಮ ಎಲೆ ಬೇಡವೆಂದಳು. “ನಂಗೆ ಅಬ್ಯಾಸ ಇಲ್ಲ ಅಮ್ಮಾರೆ. ಸುಮ್ನೆ ಒಸಿ ಕುಂತ್ಕತೀನಿ.”

ನಾನು ಪುಸ್ತಕದಿಂದ ತಲೆಯೆತ್ತದೆ ಹೇಳಿದೆ: “ಎಲೆ ಹಾಕದವಳು ಯಾಕೆ ಕೂರಬೇಕು? ಹೋಗು, ನಾಟಿ ಹಾಕು.”

ಮಾರನೆಯ ದಿನ ಆಕೆ ಕೈ ಚಾಚಿದಳು. ಮೊದಲ ದಿನ ತಲೆ ಸುತ್ತಿ ಬದುವಿನ ಮೇಲೆ ವಾಂತಿ ಮಾಡಿಕೊಂಡಳು. ಉಳಿದ ಹೆಂಗಸರು ರೇಗಿಸಿ ನಕ್ಕರು. ವಾರದೊಳಗೆ ಅಭ್ಯಾಸವಾಯಿತು. ನಾನು ಓದುತ್ತಿದ್ದ ಪುಟ ಯಾವುದೆಂದು ಈಗ ನೆನಪಿಲ್ಲ. ಕರುಣರಸದ್ದೇ ಇದ್ದರೂ ಇರಬಹುದು.

ಹಳೆಯ ಕಾವ್ಯಗಳಲ್ಲಿ ತಾಂಬೂಲ ಬೇಕಾದಷ್ಟಿದೆ, ಹೊಗೆಸೊಪ್ಪು ಇಲ್ಲ. ಅದು ಎಷ್ಟೋ ಕಾಲದ ಮೇಲೆ ಪರದೇಶದ ಹಡಗಿನಲ್ಲಿ ಬಂದದ್ದು. ಇವತ್ತು ಮದರಾಸು ಸರ್ಕಾರದ ಸೀಮೆಗೆ ಸೇರಿದ ಕೊಳ್ಳೇಗಾಲದ ಸಂತೆಗೆ ಬಂದು, ಅಲ್ಲಿಂದ ಗಡಿ ದಾಟಿ ನಮ್ಮ ಗದ್ದೆಗಿಳಿಯುತ್ತದೆ. ಆದರೂ ಯಾರನ್ನು ಕೇಳಿದರೂ ತಾತ ಮುತ್ತಾತಂದಿರ ಕಾಲದ್ದೆನ್ನುತ್ತಾರೆ. ಹೊರಗಿನಿಂದ ಬಂದ ವಸ್ತು ಇಷ್ಟು ಬೇಗ ಮನೆಯದಾಗಬೇಕಾದರೆ ಅದಕ್ಕೆ ಇಲ್ಲಿ ಜಾಗ ಮೊದಲೇ ಖಾಲಿ ಇದ್ದಿರಬೇಕಲ್ಲವೇ? ನಿಮ್ಮ ಚಿತ್ರಪಟದಲ್ಲಿ ಹುಣ್ಣಾದ ಬಾಯಿ ಇತ್ತು. ಸೊಂಟ ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಹುಣ್ಣು ಸುಳ್ಳೆಂದು ನಾನು ಹೇಳುತ್ತಿಲ್ಲ. ಪುಟ್ಟಮಾದಮ್ಮನ ಅತ್ತೆ ಗಂಜಿ ನುಂಗಲಾರದೆ ಸತ್ತದ್ದು ಅಂಥ ಹುಣ್ಣಿನಿಂದಲೇ. ಅವರನ್ನು ಕೊನೆಯವರೆಗೆ ನೋಡಿಕೊಂಡವಳು ಈಕೆಯೇ. ಹೊಗೆಸೊಪ್ಪಿನ ಕೇಡನ್ನು ಆಕೆಗೆ ಬೆತ್ತ ಹಿಡಿದು ಕಲಿಸಬೇಕಾಗಿರಲಿಲ್ಲ.

ಇನ್ನೊಂದು ಮಾತು. ಲಿಂಗ ಕಟ್ಟುವ ನಮ್ಮ ಮತದಲ್ಲಿ ಸೂತಕವಿಲ್ಲವೆಂದು ನಾವು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮೂರು ವರ್ಷದ ಹಿಂದೆ ನನ್ನ ತಮ್ಮ ಸದಾಶಿವಪ್ಪನ ಸೊಸೆಗೆ ಚೊಚ್ಚಲ ಹೆರಿಗೆ. ಮಗು ಅಡ್ಡ ತಿರುಗಿತ್ತು. ಪುಟ್ಟಮಾದಮ್ಮ ಬೆಳಗ್ಗೆ ಒಳಗೆ ಹೋದವಳು ದೀಪ ಹಚ್ಚುವ ಹೊತ್ತಿನವರೆಗೂ ಹೊರಗೆ ಬರಲಿಲ್ಲ. ಆಕೆಗೊಂದು ತಟ್ಟೆ ಇಡುವ ಮಾತು ಬಂದಾಗ ಮಾತ್ರ ನಮ್ಮ ಮನೆಗೂ ಸೂತಕ ನೆನಪಾಯಿತು. ಸ್ನಾನವಾಗುವವರೆಗೆ ಊಟ ಕೊಡುವಂತಿಲ್ಲ. ಎಲೆ, ಹೊಗೆಸೊಪ್ಪನ್ನು ಮಾತ್ರ ಬಾಗಿಲ ಹೊರಗಿನಿಂದ ಎಸೆಯಬಹುದು. ಎಸೆದವಳು ನಾನು, ಒಂದಲ್ಲ, ನಾಲ್ಕು ಸಲ. ತಾಯಿ ಉಳಿದಳು, ಮಗುವೂ ಉಳಿಯಿತು. ಹೀಗೆ ದಿನವಿಡೀ ಅನ್ನವಿಲ್ಲದೆ ಕೂತ ಹೆಂಗಸು ಏನನ್ನು ಜಗಿಯಬೇಕೆಂದು ನಿಮ್ಮ ಇಲಾಖೆಯ ಅಭಿಪ್ರಾಯ?

ಈಗ ನಮ್ಮಿಬ್ಬರ ವಿಷಯಕ್ಕೆ ಬರೋಣ. ಭಾಷಣದ ಕೊನೆಯಲ್ಲಿ ಸಮಿತಿಯವರು ‘ನಾನು ತಂಬಾಕನ್ನು ಯಾವ ರೂಪದಲ್ಲಿಯೂ ಸೇವಿಸುವುದಿಲ್ಲ’ ಎಂಬ ಪ್ರತಿಜ್ಞೆಯನ್ನು ಓದಿ ಸಹಿ ಮಾಡಿದೆವು. ನಾನು ಗಟ್ಟಿಯಾಗಿ ಓದಿದೆ. ಆಮೇಲೆ ನಮ್ಮ ಮನೆಗೆ ಕಾಫಿಗೆ ಬಂದಿರಿ. ಪಡಸಾಲೆಯಲ್ಲಿ ಕೂತು ಸಿಗರೇಟು ಹಚ್ಚಿದಿರಿ. ನಾನು ನಶ್ಯದ ಡಬ್ಬಿ ತೆಗೆದೆ. ಒಳ್ಳೆಯ ಪುಡಿಯಂತಿದೆ ಎಂದು ನೀವೂ ಒಂದು ಚಿಟಿಕೆ ಏರಿಸಿದಿರಿ. ವಿದ್ಯಾರ್ಥಿನಿಯಾಗಿದ್ದಾಗ ಓದಿನ ತಲೆನೋವಿಗೆಂದು ಶುರುವಾದದ್ದು, ಇಂದಿಗೂ ಅದಿಲ್ಲದೆ ನಾಲ್ಕು ಸಾಲು ಓದಲಾರೆ. ನಶ್ಯ ಯಾವ ಗಿಡದ ಎಲೆಯಿಂದಾಗುತ್ತದೆಂದು ಎಂ.ಎ. ಮಾಡಿದವಳಿಗೆ ತಿಳಿಯದೇ? ಸಿಗರೇಟಿನೊಳಗೆ ಇರುವುದು ತುಳಸಿಯೇ? ಆದರೂ ಅದೇ ಡಬ್ಬಿಯ ಪಕ್ಕದಲ್ಲಿ ಅರ್ಜಿಗಳನ್ನು ಹರಡಿಕೊಂಡು ಆಕೆಯ ಮುಂದೆ ‘ಉಂಟು’ ಎಂದು ಬರೆದೆ. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಹೇಳಿಕೊಳ್ಳಲು ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಕಳ್ಳತನ ಮಾಡುವಾಗ ಎದೆ ಹೊಡೆದುಕೊಳ್ಳಬೇಕು. ನನ್ನ ಎದೆ ತಣ್ಣಗಿತ್ತು.

ಪಟ್ಟಿಯಲ್ಲಿ ಹೆಸರಿಲ್ಲವೆಂದು ತಿಳಿದ ಮೇಲೆ ಪುಟ್ಟಮಾದಮ್ಮನ ಮನೆಗೆ ಹೋದೆ. ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆಯೇ ಹೇಳಿದಳು:

“ಒಗೆಸೊಪ್ಪು ಬುಟ್ಟು ಒಂಬತ್ ದಿನ ಆಯ್ತು ಅಮ್ಮಾರೆ. ಇದ್ಲು ಆಕಿ ತಿಕ್ಕಿ ತಿಕ್ಕಿ ವಸ್ಡೆಲ್ಲ ಕಿತ್ತೋಗದೆ. ಆ ಸಾಹೇಬ್ರು ಇನ್ನೊಂದ್ ದಪ ಬಂದ್ರೆ ಅಲ್ಲು ತೋರುಸ್ತೀನಿ. ಸೇರುಸ್ಕತಾರಾ?”

ನಾಟಿಗೆ ಹೋಗುತ್ತಿದ್ದೀಯಾ ಎಂದೆ.

“ಓಯ್ತಾವ್ನಿ. ಮೊನ್ನೆ ನಿಂತ್ಕಂಡಿದ್ಕೆ ನಿಮ್ ಮನೆ ಅಯ್ಯಾರು ಬೋದ್ರು. ಆಮ್ಯಾಕೆ ಬರೀ ಬಾಯಿ ಆಡುಸ್ಕಂಡು ಕುಂತ್ಕಂಡೆ, ಎಲೆ ಆಕಂಡಂಗೆ. ಚೆಲುವಿ ಕಂಡ್ಬುಟ್ಟು, ‘ಅದೇನೇ ದನ ಮೆಲ್ಕಾಕ್ದಂಗೆ ಆಕ್ತಿದ್ದೀಯೆ’ ಅಂತ ಬಿದ್ದು ಬಿದ್ದು ನಕ್ಲು.”

ಆಕೆಯೂ ನಕ್ಕಳು. ಅರ್ಜಿಯಲ್ಲಿ ಬರೆದವಳು ನಾನೇ ಎಂದೆ.

“ಸುಳ್ಳೇನ್ ಬರ್ದಿಲ್ವಲ್ಲ ಬುಡಿ. ನಾನ್ ಆಕ್ತಿದ್ದುದ್ದು ದಿಟ್ವೆಯ.”

ನಾನು ನಶ್ಯ ಏರಿಸುತ್ತೇನೆ ಪುಟ್ಟಮಾದಮ್ಮ, ಅದೂ ಹೊಗೆಸೊಪ್ಪೇ, ಎಂದೆ. ಆಕೆ ಮೊರದಿಂದ ಕಣ್ಣೆತ್ತಲಿಲ್ಲ. “ಗೊತ್ತು ಕಣ್ ಅಮ್ಮಾರೆ. ನಿಮ್ ಕೈವಸ್ತ್ರ ಒಗೆಯೋರು ಯಾರು? ಊರ್ಗೆಲ್ಲ ಗೊತ್ತು.”

ಅಂದರೆ, ಮಾನ್ಯರೇ, ನಾನು ಪ್ರತಿಜ್ಞೆಯನ್ನು ಗಟ್ಟಿಯಾಗಿ ಓದುತ್ತಿದ್ದಾಗ ಆ ಜಗಲಿಯ ಮೇಲಿದ್ದ ನಲವತ್ತು ಹೆಂಗಸರಿಗೂ ಅದು ಸುಳ್ಳೆಂದು ತಿಳಿದಿತ್ತು. ಒಬ್ಬಳೂ ತುಟಿ ಎರಡು ಮಾಡಲಿಲ್ಲ. ನನ್ನ ಮಾನವನ್ನು ಅವರು ಕಾಪಾಡಿದರು. ನಾನು ಅವರಲ್ಲೊಬ್ಬಳ ಹೆಸರು ಹೊಡೆಸಿದೆ.

ಮನೆಗೆ ಬಂದು ತಮ್ಮನಿಗೆ ಹೇಳಿದೆ, ಎಲೆ ಹಾಕದವರನ್ನೂ ಒಂದು ಗಳಿಗೆ ಕೂರಲು ಬಿಡು ಎಂದು.

“ಕುಂತ್ಕಳಕೆ ಒಂದ್ ಕಾರಣ ಬ್ಯಾಡ್ವಾ ಅಕ್ಕ?”

“ದಣಿವು ಕಾರಣ ಅಲ್ವೇನೋ?”

“ದಣಿವು ಅಂತ ಬುಟ್ರೆ ಊರೇ ಕುಂತ್ಕತದೆ. ಎಲೆ ಆದ್ರೆ ಉಗುದ್ರೆ ಮುಗೀತು, ಏಳ್ಲೇಬೇಕು.”

ನಮ್ಮ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬಳಕೆಗೆ ಕಾರಣವೇನೆಂದು ವರದಿ ಬರೆಯಲು ನೀವು ಊರೂರು ಸುತ್ತುತ್ತಿದ್ದೀರಂತೆ. ತಮ್ಮನ ಈ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಪೆಟ್ರೋಲು ಉಳಿಯುತ್ತದೆ. ಬೇಕಿದ್ದರೆ ಅರ್ಜಿಗೆ ಇನ್ನೊಂದು ಕಾಲಂ ಸೇರಿಸಿ: ‘ಮೊದಲು ಕೊಟ್ಟವರು ಯಾರು?’ ನಮ್ಮ ಊರಿನ ಮಟ್ಟಿಗೆ ಅದನ್ನು ತುಂಬಿಕೊಡಲು ನಾನು ಸಿದ್ಧಳಿದ್ದೇನೆ.

ಆ ಮಾತುಕತೆಯಾದ ಮಾರನೆಯ ದಿನ ನಾನೂ ನಶ್ಯ ಬಿಡಲು ನೋಡಿದೆ. ಮಧ್ಯಾಹ್ನದವರೆಗೆ ಆಯಿತು. ಎರಡು ಹೊತ್ತು ಉಂಡು, ನೆರಳಿನಲ್ಲಿ ಕೂತು ಓದುವವಳಿಗೆ ಅರ್ಧ ದಿನ. ಕೆಸರಿನಲ್ಲಿ ಬಗ್ಗಿ ನಿಂತವಳಿಗೆ ಇವತ್ತಿಗೆ ಹದಿನಾಲ್ಕು ದಿನ. ತರಬೇತಿಗೆ ಯೋಗ್ಯರು ಯಾರೆಂದು ತೀರ್ಮಾನಿಸಲು ನಿಮಗೆ ಇನ್ನೂ ಏನು ಬೇಕು?

ಸಮಿತಿಗೆ ರಾಜೀನಾಮೆ ಕೊಟ್ಟು ಶುದ್ಧಳಾಗಿಬಿಡುವ ಯೋಚನೆ ನನಗೂ ಬಂದಿತ್ತು. ಕೊಟ್ಟರೆ ಅಲ್ಲಿ ಆಕೆಯ ಪರವಾಗಿ ಹೇಳುವವರು ಯಾರೂ ಉಳಿಯುವುದಿಲ್ಲ. ಆದ್ದರಿಂದ ನಾಚಿಕೆಯೊಂದಿಗೇ ಇರುತ್ತೇನೆ. ನನ್ನ ಬೇಡಿಕೆ ಇಷ್ಟು. ಇಪ್ಪತ್ತೈದರೊಳಗೆ ಪುಟ್ಟಮಾದಮ್ಮನ ಹೆಸರು ಪಟ್ಟಿಗೆ ಮರಳಬೇಕು. ಅದಾಗದು, ನಿಯಮ ನಿಯಮವೇ ಎನ್ನುವುದಾದರೆ ನನ್ನ ಹೆಸರಿನ ಮುಂದೆಯೂ ‘ಉಂಟು’ ಎಂದು ಬರೆದು ಗೆರೆ ಎಳೆಯಿರಿ, ನಿಮ್ಮ ಹೆಸರಿನ ಮುಂದೆಯೂ ಬರೆದು ಎಳೆದುಕೊಳ್ಳಿ. ಆಗ ಆಯ್ಕೆ ಸಮಿತಿಯೇ ಇರುವುದಿಲ್ಲ, ಸಮಿತಿ ಮಾಡಿದ ಆಯ್ಕೆಯೂ ಉಳಿಯುವುದಿಲ್ಲ.

ತಿದ್ದಿದ ಪಟ್ಟಿಯನ್ನು ನನಗೆ ಕಳಿಸಬೇಡಿ, ಪುಟ್ಟಮಾದಮ್ಮನ ಹೆಸರಿಗೇ ಕಳಿಸಿ. ಆಕೆಗೆ ಓದಲು ಬರುವುದಿಲ್ಲ. ನಾನು ಅವಳ ಅಂಗಳಕ್ಕೆ ಹೋಗಿ ಓದಿ ಹೇಳುತ್ತೇನೆ. ಒಂದು ವೇಳೆ ಅದರಲ್ಲಿ ಆಕೆಯ ಹೆಸರು ಇರದಿದ್ದರೆ, ಅದನ್ನೂ ನಾನೇ ಓದಿ ಹೇಳಬೇಕಾಗುತ್ತದೆ.

ಇಂತಿ,
ಇಷ್ಟು ಓದಿಯೂ ಒಂದು ಕಾಲಂ ನೆಟ್ಟಗೆ ತುಂಬಲು ಬಾರದ,
ಶಿವರತ್ನಮ್ಮ, ಎಂ.ಎ.