ಬಸ್ಸಿನಲ್ಲಿ ಬಂದ ಬಾವಿ ನೀರು

ಅತ್ತೆ,

ಚಳ್ಳಕೆರೆಯಿಂದ ನಿಮ್ಮ ಸೊಸೆಯ ಶರಣು. ಇದನ್ನು ನಿಮಗೆ ಓದಿ ಹೇಳುವ ಪಕ್ಕದ ಮನೆಯ ಜ್ಯೋತಿಲಕ್ಷ್ಮಿಗೆ ಒಂದು ಮಾತು: ಎಲ್ಲೂ ಹಾರಿಸದೆ ಓದಮ್ಮ.

ಬೆಳಿಗ್ಗೆ ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ್ ನಮ್ಮ ಮೆಡಿಕಲ್ ಶಾಪಿಗೆ ಬಂದು ಒಂದು ಕ್ಯಾನು ಇಟ್ಟ. "ಸಿದ್ದಾಪುರದ ವೀರಮ್ಮಾರು ಕೊಟ್ರು. ಬಾವಿ ನೀರಂತೆ. ನೀವು ಕುಡಿಯೋದನ್ನ ನೋಡ್ಕೊಂಡೇ ಬಾ ಅಂದವ್ರೆ" ಎಂದು ನಿಂತೇಬಿಟ್ಟ. ಗಿರಾಕಿಗಳ ಮುಂದೆಯೇ ಲೋಟ ಹುಡುಕಿದೆ.

ನಾಲ್ಕು ತಿಂಗಳಿಂದ ನೀವು ನನ್ನೊಂದಿಗೆ ಮಾತು ಬಿಟ್ಟಿದ್ದಿರಿ. ಕಾಯಿಲೆ ವಾಸಿಯಾದ ಮೇಲೆ ಉಳಿದ ಮಾತ್ರೆಯನ್ನು ಒಂದು ಚಿಟಿಕೆ ಉಪ್ಪಿನೊಂದಿಗೆ ಬಾವಿಗೆ ಹಾಕುವುದು ನಿಮ್ಮ ಓಣಿಯ ಪದ್ಧತಿ. ಉಪ್ಪು ಕರಗಿದಂತೆ ಕಾಯಿಲೆಯೂ ಕರಗಲಿ ಎಂದು. ಮಾವನವರ ಆಪರೇಷನ್ ಆದಮೇಲೆ ನೀವೂ ಎರಡು ಸ್ಟ್ರಿಪ್ ಮಾತ್ರೆ, ಅರ್ಧ ಬಾಟಲಿ ಟಾನಿಕ್ ಹಾಕಿ ಕೈಮುಗಿದಿರಿ. ನಾನು ಓಣಿಯ ಹೆಂಗಸರೆಲ್ಲರ ಎದುರು, ಈ ನೀರನ್ನು ಇನ್ನು ಯಾರೂ ಕುಡಿಯಬೇಡಿ ಎಂದುಬಿಟ್ಟೆ. ನೀವು ಮದುವೆಯಾಗಿ ಬಂದ ದಿನ ಗಂಗೆ ಪೂಜೆ ಮಾಡಿದ ಬಾವಿ ಅದು. ಒಳಗೆ ಕರೆದು ಹೇಳಬಹುದಿತ್ತು. ಕಾನ್ವೆಂಟಿನಲ್ಲಿ ಕಲಿತದ್ದನ್ನು ಒಪ್ಪಿಸುವ ಅವಸರ ಈ ವಯಸ್ಸಿಗೂ ಹೋಗಿಲ್ಲವೇನೋ.

ನೀವು ಕೇಳಿದ್ದು ಒಂದೇ ಮಾತು. "ನಿನ್ನ ಅಂಗಡಿ ಹಳೇ ಔಷಧಿ ಎಲ್ಲಿಗೆ ಹಾಕ್ತೀಯವ್ವ?"

ಅವಧಿ ಮುಗಿದ ಸಿರಪ್ಪನ್ನೆಲ್ಲ ನಾನು ಅಂಗಡಿ ಮುಂದಿನ ಚರಂಡಿಗೆ ಸುರಿಯುತ್ತಿದ್ದೆ. ಮರುದಿನ ಆ ಚರಂಡಿಯ ಜೊತೆಗೇ ನಡೆದು ನೋಡಿದೆ. ಅದು ಹೋಗಿ ಸೇರುವುದು ಎಮ್ಮೆಗಳು ನೀರು ಕುಡಿಯುವ ಹಳ್ಳಕ್ಕೆ. ಅಂದಿನಿಂದ ಒಂದು ಹನಿಯೂ ಸುರಿದಿಲ್ಲ. ಎಲ್ಲವನ್ನೂ ಪೆಟ್ಟಿಗೆಯಲ್ಲಿ ಕಟ್ಟಿ ಔಷಧಿ ಕೊಡುವ ಏಜೆನ್ಸಿಗೆ ವಾಪಸ್ ಕಳಿಸುತ್ತೇನೆ. ಅವರು ಗೊಣಗುತ್ತಲೇ ಒಯ್ಯುತ್ತಾರೆ. ಇದನ್ನು ನಿಮಗೆ ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ನಿಮ್ಮ ಮಗ ಹೇಳಿಬಿಟ್ಟರಂತೆ.

ಆಮೇಲಿನದನ್ನು ಜ್ಯೋತಿಲಕ್ಷ್ಮಿ ಫೋನಿನಲ್ಲಿ ಹೇಳಿ ನಕ್ಕೂ ನಕ್ಕೂ ಸುಸ್ತಾದಳು. ನೀವು ಪಂಪು ಇಡಿಸಿ ಬಾವಿ ಬರಿದು ಮಾಡಿಸಿದಿರಂತೆ. ಹೂಳಿನಲ್ಲಿ ಮಾತ್ರೆಯ ಬೆಳ್ಳಿ ಹಾಳೆಗಳು ಮಿಂಚಿದವಂತೆ. ಈಗ ಕಟ್ಟೆಯ ಮೇಲೆ ಒಂದು ಗಡಿಗೆ ಇದೆಯಂತೆ. "ಮಾತ್ರೆ ಗಡಿಗೆಗೆ, ಉಪ್ಪು ಬಾವಿಗೆ. ಕಾಯಿಲೆ ಕರಗಾಕೆ ಉಪ್ಪೇ ಸಾಕು, ನಡೀರಿ" ಎಂದು ಗದರುತ್ತೀರಂತೆ. ಇಷ್ಟು ಸುಲಭದ ಮಾತು ನನಗೇಕೆ ಹೊಳೆಯಲಿಲ್ಲ ಅತ್ತೆ?

ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದೆ. "ಹೆಂಗೈತೆ ಅಂತ ಹೇಳ್ಲಿ?" ಎಂದ ಕಂಡಕ್ಟರ್. ಇನ್ನೊಂದು ಲೋಟ ಬಗ್ಗಿಸಿಕೊಂಡೆ, ಅವನಿಗೂ ಒಂದು ಕೊಟ್ಟೆ.

ಕ್ಯಾನನ್ನು ಬಸ್ಸಿಗೆ ಹಾಕುತ್ತಿಲ್ಲ. ಭಾನುವಾರ ನಾನೇ ತರುತ್ತೇನೆ. ಬರುವಾಗ ಕ್ಯಾನು, ಹೋಗುವಾಗ ನನ್ನ ಪೆಟ್ಟಿಗೆಗೆ ಹಾಕಲು ನಿಮ್ಮ ಗಡಿಗೆಯ ಮಾತ್ರೆ. ನೀರು ಮಾತ್ರ ನಾನೇ ಸೇದಬೇಕು, ನೀವು ಪಕ್ಕದಲ್ಲಿ ನಿಂತು ಬೈಯುತ್ತಿರಬೇಕು.

ನಿಮ್ಮ ಬಾವಿಯ ಸೆಲೆ ಸದಾ ಜಿನುಗುತ್ತಿರಲಿ.

ನಿಮ್ಮ ಸೊಸೆ,
ಶೈಲಜಾ