ಅವ್ವ ಕೇಳಿದ ಪ್ರಶ್ನೆ

ಶಿರಗುಪ್ಪಿ

ಪ್ರೀತಿಯ ಸಮ್ಮೇದ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಮಾರುವ ಕಷಾಯ ನಂಬಿ ಅವ್ವ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟಿದ್ದಳು. ಮಗ ಕೊಟ್ಟದ್ದೆಂದು ಏನೂ ಕೇಳಿರಲಿಲ್ಲ.

ಮೊನ್ನೆ ನಿಮ್ಮ ಕಂಪನಿಯ ಏಜೆಂಟ ಅದೇ ಕಷಾಯ ಮಾರಲು ಬಸದಿ ಓಣಿಯಲ್ಲಿ ಸಭೆ ನಡೆಸಿದ. ‘ಇದ್ರಾಗ ಜೇನು, ಗಡ್ಡಿ-ಗೆಣಸು ಏನರ ಐತೇನ್ರಿ? ನಾವು ಜೈನರು, ನಮಗ ನಡಿಯೂದಿಲ್ಲ’ ಎಂದು ನೆರೆಮನೆಯ ಶಾಂತಾ ಕಾಕು ಕೇಳಿದರು. ಅದು ಕಂಪನಿಯ ಗುಟ್ಟು ಎಂದ. ಅವ್ವ ಎದ್ದು ಅವನನ್ನೇ ಕೇಳಿದಳು: ‘ಒಳಗೇನೈತಿ ಹೇಳಾಕ ಬರೂದಿಲ್ಲ, ರೋಗ ಹೋಗ್ತೈತಿ ಅಂತ ಹೆಂಗ ಹೇಳ್ತೀಯೋ ತಮ್ಮಾ?’ ಓಣಿಯೆಲ್ಲ ನಕ್ಕಿತು. ಯಾರೂ ಕೊಳ್ಳಲಿಲ್ಲ.

ರವಿವಾರ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಬಾ. ಅವ್ವ ಗುಳಿಗೆ ಮತ್ತೆ ಶುರು ಮಾಡಿದ್ದಾಳೆ, ಮುಗಿಯುತ್ತ ಬಂದಿವೆ. ನಾನು ತರುತ್ತೇನೆಂದರೆ, ‘ಬ್ಯಾಡ, ಸಮ್ಮೇದ ತರಲಿ’ ಅಂದಳು.

ದಾರಿ ನೋಡುವ ನಿನ್ನ ಅಕ್ಕ,
ಸುಗಂಧಾ